ಶಾಸನಸಭೆಯ ಅರಿಸಮಾಸ: ಇಸ್ಲಾಂ, ಮುಸ್ಲಿಂ ಸಮುದಾಯ ಮತ್ತು ರಾಷ್ಟ್ರಭದ್ರತೆಯ ಮಾತು

೧

ಸಮಾಸ ಪ್ರಕರಣವನ್ನು ಓದಿದ ಕನ್ನಡದ ವಿದ್ಯಾರ್ಥಿಗೆ ಅರಿಸಮಾಸವೆಂಬ ಪರಿಭಾಷೆ ಹೊಸದಲ್ಲ. ಒಂದರೊಡನೊಂದು ಹೊಂದದ ಎರಡು ಪದಗಳನ್ನು, ಅಂದರೆ ಸಂಸ್ಕೃತ ಪದವನ್ನೂ ಅಚ್ಚಗನ್ನಡ ಪದವನ್ನೂ, ಬಲವಂತವಾಗಿ ಕೂಡಿಸಿ ಒಂದೇ ಪದವಾಗಿಸುವುದು ದೋಷವೆಂದು ಶಬ್ದಮಣಿದರ್ಪಣಕಾರ ಕೇಶಿರಾಜನು ನಿಯಮಿಸಿದ್ದಾನೆ. ಆದರೆ ಆ ಶಾಸ್ತ್ರವೇ ಒಂದು ವಿನಾಯಿತಿಯನ್ನೂ ಇಟ್ಟುಕೊಂಡಿದೆ. ಪೂರ್ವಕವಿಗಳ ಪ್ರಯೋಗದಿಂದ ರೂಢಿಗೆ ಬಂದುದನ್ನು, ಬಿರುದಾವಳಿಗಳಲ್ಲಿ ನೆಲೆಗೊಂಡುದನ್ನು ದೋಷವೆಂದು ಎಣಿಸುವಂತಿಲ್ಲ. ದೊಡ್ಡವರ ಬಾಯಲ್ಲಿ ಮತ್ತೆ ಮತ್ತೆ ಬಂದದ್ದು ಕಾಲಕ್ರಮದಲ್ಲಿ ಸಾಧುರೂಪವಾಗುತ್ತದೆ ಎಂಬುದು ಇದರ ತಾತ್ಪರ್ಯ.

ದೆಹಲಿಯ ಸಂಸತ್ತಿನಲ್ಲಿ, ಅದನ್ನು ಅನುಸರಿಸಿ ರಾಜ್ಯಗಳ ವಿಧಾನಸಭೆಗಳಲ್ಲಿ, ರಾಷ್ಟ್ರದ ಭದ್ರತೆಯ ಪ್ರಶ್ನೆ ಎದ್ದಾಗಲೆಲ್ಲ ಇಂಥದೇ ಒಂದು ಪದಸಂಯೋಗ ನಡೆಯುತ್ತಿರುವುದನ್ನು ಕಾಣಬಹುದು. ಒಂದು ಧರ್ಮದ ಹೆಸರೂ ಒಂದು ಅಪರಾಧದ ಹೆಸರೂ ಕೂಡಿ ಒಂದೇ ನುಡಿಯಾಗುತ್ತವೆ. ಅಧಿಕಾರಸ್ಥರ ಬಾಯಲ್ಲಿ ಪುನರುಕ್ತವಾಗಿ ರೂಢಿಯಾಗುತ್ತವೆ. ಪತ್ರಿಕೆಗಳು ಅವನ್ನು ಉದ್ಧರಣ ಚಿಹ್ನೆಯಿಲ್ಲದೆ ಅಚ್ಚುಮಾಡತೊಡಗುತ್ತವೆ. ಕಾವ್ಯದಲ್ಲಿ ಅರಿಸಮಾಸದಿಂದ ಕೆಡುವುದು ಪದ್ಯದ ಸೊಗಸು ಮಾತ್ರ. ಶಾಸನಸಭೆಯಲ್ಲಿ ಅದರಿಂದ ಕೆಡುವುದು ಮನುಷ್ಯರ ಬಾಳು.

ಏಕೆಂದರೆ ಶಾಸಕನ ಮಾತು ಇತರರ ಮಾತಿನಂತಲ್ಲ. ಅದು ಕಾನೂನಾಗಿ ಪರಿಣಮಿಸಬಲ್ಲದು. ಜೊತೆಗೆ ಸಂವಿಧಾನದ ೧೦೫ನೆಯ ಅನುಚ್ಛೇದ ಸಂಸದನಿಗೂ ೧೯೪ನೆಯ ಅನುಚ್ಛೇದ ರಾಜ್ಯದ ಶಾಸಕನಿಗೂ ಸದನದೊಳಗೆ ಆಡಿದ ಮಾತಿಗಾಗಿ ನ್ಯಾಯಾಲಯದ ಕಟಕಟೆಯಿಂದ ರಕ್ಷಣೆ ನೀಡಿವೆ. ಕಾನೂನನ್ನು ಹುಟ್ಟಿಸುವ ಶಕ್ತಿಯನ್ನೂ ಕಾನೂನಿನಿಂದ ಪಾರಾಗುವ ಸವಲತ್ತನ್ನೂ ಒಟ್ಟಿಗೆ ಪಡೆದ ಮಾತು ಅದು. ಆದಕಾರಣ ಭಾಷೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡವರು ಆ ಮಾತನ್ನು ರಾಜಕಾರಣಿಗಳಿಗೆ ಬಿಟ್ಟುಕೊಟ್ಟು ಸುಮ್ಮನಿರುವುದು ಉಚಿತವಲ್ಲ.

೨

ಈ ವಿಷಯದ ಮೂಲವನ್ನು ಅರಸುವವರು ಸಂವಿಧಾನ ರಚನಾಸಭೆಯ ನಡವಳಿಗಳಿಗೆ ಹೋಗಬೇಕಾಗುತ್ತದೆ. ದೇಶವಿಭಜನೆಯ ರಕ್ತ ಇನ್ನೂ ಆರದಿದ್ದ ೧೯೪೭ರ ಆಗಸ್ಟ್ ತಿಂಗಳಲ್ಲಿ ಮದರಾಸಿನ ಬಿ. ಪೋಕರ್ ಸಾಹೇಬರು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ತಿದ್ದುಪಡಿ ಸೂಚಿಸಿದಾಗ ಸರ್ದಾರ್ ವಲ್ಲಭಭಾಯಿ ಪಟೇಲರು ಅತ್ಯಂತ ಕಟುವಾಗಿ ಉತ್ತರಿಸಿದರು. ಅದೇ ಪಟೇಲರು ೧೯೪೯ರ ಮೇ ೨೫ರಂದು, ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನಗಳ ಮೀಸಲಾತಿ ಬೇಡವೆಂಬ ಸಲಹಾ ಸಮಿತಿಯ ವರದಿಯನ್ನು ಮಂಡಿಸಿದಾಗ ಮಾತಿನ ಧಾಟಿ ಬೇರೆಯಾಗಿತ್ತು. ಬಹುಸಂಖ್ಯಾತರು ಅಲ್ಪಸಂಖ್ಯಾತರ ಸ್ಥಾನದಲ್ಲಿ ತಮ್ಮನ್ನು ಇರಿಸಿಕೊಂಡು, ತಮ್ಮನ್ನು ಹೀಗೆ ನಡೆಸಿಕೊಂಡರೆ ತಮಗೆ ಹೇಗೆನಿಸುತ್ತದೆ ಎಂದು ಆಲೋಚಿಸಬೇಕೆಂಬ ಆಶಯವನ್ನು ಅವರು ಸಭೆಯ ಮುಂದಿಟ್ಟರು. ಸಂಯುಕ್ತ ಪ್ರಾಂತದ ಬೇಗಂ ಐಜಾಜ್ ರಸೂಲ್ ಮೀಸಲಾತಿಯ ರದ್ದತಿಯನ್ನು ಬೆಂಬಲಿಸಿದರು. ಮೀಸಲಾತಿಯೆಂಬುದು ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರಿಂದ ಶಾಶ್ವತವಾಗಿ ಬೇರ್ಪಡಿಸಿ, ಕೊನೆಗೆ ಹಿಡಿದವರನ್ನೇ ಕೊಲ್ಲುವ ಆಯುಧವೆಂಬುದು ಅವರ ವಾದವಾಗಿತ್ತು. ಮದರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ವಿರೋಧಿಸಿದರು. ಮರುದಿನ ಸಭೆ ವರದಿಯನ್ನು ಒಪ್ಪಿಕೊಂಡಿತು.

ಈ ನಿರ್ಣಯವನ್ನು ಒಂದು ಒಡಂಬಡಿಕೆಯೆಂದು ಓದುವುದು ಯುಕ್ತ. ಒಂದು ಪಕ್ಷ ತನ್ನ ಲಿಖಿತ ರಕ್ಷಣೆಯನ್ನು ಬಿಟ್ಟುಕೊಟ್ಟಿತು. ಮತ್ತೊಂದು ಪಕ್ಷ ಅದಕ್ಕೆ ಪ್ರತಿಯಾಗಿ ನಡೆಯ ಮತ್ತು ನುಡಿಯ ಹೊಣೆಯನ್ನು ಹೊತ್ತಿತು. ಮೊದಲನೆಯದು ಸಂವಿಧಾನದ ಪುಟಗಳಲ್ಲಿ ಜಾರಿಯಾಯಿತು. ಎರಡನೆಯದಕ್ಕೆ ಸದಸ್ಯರ ವಿವೇಕವಲ್ಲದೆ ಬೇರೆ ಜಾಮೀನು ಇರಲಿಲ್ಲ. ೧೯೮೦ರ ಲೋಕಸಭೆಯಲ್ಲಿ ಮುಸ್ಲಿಂ ಸದಸ್ಯರ ಸಂಖ್ಯೆ ೪೯ ಇದ್ದದ್ದು ೨೦೨೪ರಲ್ಲಿ ಆಯ್ಕೆಯಾದ ಸದನದಲ್ಲಿ ೨೪ಕ್ಕೆ ಇಳಿದಿದೆ. ೨೦೧೧ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಅವರು ಶೇಕಡಾ ೧೪.೨. ಕರ್ನಾಟಕದ ಮಟ್ಟಿಗೆ ೨೦೦೪ರಲ್ಲಿ ಗುಲಬರ್ಗಾದಿಂದ ಗೆದ್ದ ಇಕ್ಬಾಲ್ ಅಹ್ಮದ್ ಸರಡಗಿಯವರ ಅವಧಿ ಮುಗಿದ ಮೇಲೆ, ೨೦೦೯ರಿಂದ ೨೦೨೪ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಒಬ್ಬ ಮುಸ್ಲಿಮನೂ ಲೋಕಸಭೆಗೆ ಆಯ್ಕೆಯಾಗಿಲ್ಲ. ಸದನದಲ್ಲಿ ಒಂದು ಸಮುದಾಯದ ಕುರಿತ ಮಾತು ಹೆಚ್ಚುತ್ತ, ಆ ಸಮುದಾಯದವರು ಆಡುವ ಮಾತು ಕಡಿಮೆಯಾಗುತ್ತ ಬಂದಿದೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಉತ್ತಮ ಪುರುಷ ಕ್ಷೀಣಿಸಿ ಪ್ರಥಮ ಪುರುಷವೊಂದೇ ಉಳಿಯುತ್ತಿದೆ. ‘ನಾವು’ ಹಿಂದೆ ಸರಿದು ‘ಅವರು’ ಮುಂದೆ ಬಂದಿದೆ.

೩

ಭದ್ರತೆಯ ಕಾನೂನುಗಳ ಚರಿತ್ರೆ ಈ ಮಾತಿಗೆ ಸಾಕ್ಷಿಯಾಗಿದೆ. ಪಂಜಾಬಿನ ಉಗ್ರವಾದದ ಹಿನ್ನೆಲೆಯಲ್ಲಿ ೧೯೮೫ರಲ್ಲಿ ಬಂದು ೧೯೮೭ರಲ್ಲಿ ಪುನಾರೂಪಗೊಂಡ ಟಾಡಾ ಕಾಯಿದೆ ಮುಂದೆ ಪಂಜಾಬಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರೂ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಮೂರ್ತಿಗಳೂ ಆಗಿದ್ದ ರಂಗನಾಥ ಮಿಶ್ರರು ೧೯೯೫ರಲ್ಲಿ ಸಂಸತ್ತಿನ ಎಲ್ಲ ಸದಸ್ಯರಿಗೂ ಪತ್ರ ಬರೆದು ಈ ಕಾಯಿದೆಯನ್ನು ಮುಂದುವರಿಸಬಾರದೆಂದು ವಿನಂತಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಅದು ಕಾಲಾವಧಿ ತೀರಿ ಬಿದ್ದುಹೋಯಿತು. ಅಷ್ಟರಲ್ಲಿ ಬಂಧಿತರಾದವರ ಸಂಖ್ಯೆ ೭೫,೦೦೦ವನ್ನು ಮೀರಿತ್ತು. ಶಿಕ್ಷೆಯಾದವರ ಪ್ರಮಾಣ ಶೇಕಡಾ ಎರಡನ್ನೂ ಮುಟ್ಟಿರಲಿಲ್ಲ.

೨೦೦೧ರ ಡಿಸೆಂಬರ್ ೧೩ರಂದು ಸಂಸತ್ ಭವನದ ಮೇಲೆಯೇ ದಾಳಿ ನಡೆಯಿತು. ಭದ್ರತಾ ಸಿಬ್ಬಂದಿಯೂ ಒಬ್ಬ ತೋಟದ ಮಾಲಿಯೂ ಪ್ರಾಣ ತೆತ್ತರು. ದಾಳಿ ನಿಜ, ಭಯ ನಿಜ, ಕಠಿಣ ಕಾನೂನು ಬೇಕೆಂಬ ಬೇಡಿಕೆಗೆ ಕಾರಣವಿದ್ದುದೂ ನಿಜ. ಸುಗ್ರೀವಾಜ್ಞೆಯಾಗಿ ಮೊದಲೇ ಬಂದಿದ್ದ ಪೋಟಾ ಮಸೂದೆಯನ್ನು ೨೦೦೨ರ ಮಾರ್ಚ್‌ನಲ್ಲಿ ಲೋಕಸಭೆ ಅಂಗೀಕರಿಸಿತು, ರಾಜ್ಯಸಭೆ ತಿರಸ್ಕರಿಸಿತು. ಕೊನೆಗೆ ಮಾರ್ಚ್ ೨೬ರಂದು ಉಭಯ ಸದನಗಳ ಜಂಟಿ ಅಧಿವೇಶನದಲ್ಲಿ ೨೯೬ರ ವಿರುದ್ಧ ೪೨೫ ಮತಗಳಿಂದ ಅದು ಅಂಗೀಕಾರವಾಯಿತು. ಆ ಅಧಿವೇಶನ ಸೇರಿದ್ದು ಸೆಂಟ್ರಲ್ ಹಾಲಿನಲ್ಲಿ. ೧೯೪೯ರ ಒಡಂಬಡಿಕೆ ನಡೆದದ್ದೂ ಅದೇ ಸಭಾಂಗಣದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಗುಜರಾತಿನ ಹತ್ಯಾಕಾಂಡದ ಹೊಗೆ ಆಗಿನ್ನೂ ಆರಿರಲಿಲ್ಲ. ಆಳುವ ಪಕ್ಷದ ಹಲವರ ಮಾತಿನಲ್ಲಿ ಮಸೂದೆಯ ವಿರೋಧವೆಂದರೆ ಭಯೋತ್ಪಾದಕರ ಪಕ್ಷಪಾತವೆಂಬ ಧ್ವನಿಯಿತ್ತು. ವಿರೋಧಿಸಿದವರ ವಾದದಲ್ಲಿ ಈ ಕಾನೂನು ಒಂದು ಸಮುದಾಯದ ವಿರುದ್ಧ ಬಳಕೆಯಾಗುವುದೆಂಬ ಆತಂಕ ಮುಂದಾಗಿತ್ತು. ಆ ಆತಂಕ ನಿರಾಧಾರವಾಗಿರಲಿಲ್ಲ. ಆದರೆ ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಮನ್ನಿಸುವ ಕಾನೂನು ಎಲ್ಲ ನಾಗರಿಕರಿಗೂ ಅಪಾಯಕಾರಿಯೆಂಬ ಮೂಲಭೂತ ವಾದ ಇದರಿಂದ ಹಿಂದೆ ಸರಿಯಿತು. ಹೀಗೆ ಮಸೂದೆಯ ಮಂಡಕರೂ ವಿರೋಧಿಗಳೂ ಬೇರೆಬೇರೆ ದಿಕ್ಕಿನಿಂದ ಬಂದು, ಭದ್ರತೆಯೆಂದರೆ ಮುಸ್ಲಿಮರ ವಿಷಯವೆಂಬ ಒಂದೇ ಸಮಾಸವನ್ನು ಗಟ್ಟಿಗೊಳಿಸಿದರು.

ಅದರ ಪರಿಣಾಮಕ್ಕೆ ಒಂದೇ ನಿದರ್ಶನ ಸಾಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗಾಂಧಿನಗರದ ಅಕ್ಷರಧಾಮ ದೇವಾಲಯದ ಮೇಲೆ ಘೋರ ದಾಳಿ ನಡೆಯಿತು. ಪೋಟಾ ಅಡಿಯಲ್ಲಿ ಆರು ಮಂದಿಗೆ ಶಿಕ್ಷೆಯಾಯಿತು, ಮೂವರಿಗೆ ಮರಣದಂಡನೆ. ೨೦೧೪ರ ಮೇ ೧೬ರಂದು ಸರ್ವೋಚ್ಚ ನ್ಯಾಯಾಲಯ ಆ ತಪ್ಪೊಪ್ಪಿಗೆಗಳನ್ನು ತಳ್ಳಿಹಾಕಿ ಆರೂ ಮಂದಿಯನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಪೋಟಾ ೨೦೦೪ರಲ್ಲಿಯೇ ರದ್ದಾಗಿತ್ತು. ಸೆರೆಮನೆಯಲ್ಲಿ ಕಳೆದ ವರ್ಷಗಳನ್ನು ರದ್ದುಮಾಡುವ ಮಸೂದೆಯನ್ನು ಮಾತ್ರ ಯಾವ ಸದನವೂ ತರಲಾರದು. ದೇವಾಲಯದಲ್ಲಿ ಮಡಿದವರ ಬಂಧುಗಳಿಗೂ ಇದರಿಂದ ನ್ಯಾಯ ದೊರೆಯಲಿಲ್ಲವೆಂಬುದನ್ನು ಮರೆಯಬಾರದು. ತಪ್ಪಾದ ಮನುಷ್ಯನನ್ನು ಹಿಡಿದಾಗ ಸರಿಯಾದ ಅಪರಾಧಿ ಹೊರಗೆ ಉಳಿಯುತ್ತಾನೆ. ಪೋಟಾದ ಹಲವು ಅಂಶಗಳು ಮುಂದೆ ೧೯೬೭ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯೊಳಗೆ ೨೦೦೪ ಮತ್ತು ೨೦೦೮ರ ತಿದ್ದುಪಡಿಗಳ ಮೂಲಕ ಸೇರಿಕೊಂಡವು. ೨೦೧೯ರ ತಿದ್ದುಪಡಿ ಸಂಘಟನೆಗಳನ್ನಷ್ಟೇ ಅಲ್ಲದೆ ವ್ಯಕ್ತಿಗಳನ್ನೂ ಭಯೋತ್ಪಾದಕರೆಂದು ಘೋಷಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಇಲ್ಲಿ ನಾಮಕರಣವೇ ಕಾನೂನಿನ ಕ್ರಿಯೆಯಾಯಿತು.

೪

ಅರಿಸಮಾಸದ ಚಟ ಒಂದು ಪಕ್ಷದ ಸೊತ್ತಲ್ಲ. ೨೦೧೦ರ ಆಗಸ್ಟ್‌ನಲ್ಲಿ ಗೃಹ ಸಚಿವ ಪಿ. ಚಿದಂಬರಂ ಅವರು ದೆಹಲಿಯಲ್ಲಿ ನಡೆದ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ‘ಕೇಸರಿ ಭಯೋತ್ಪಾದನೆ’ ಎಂಬ ಪದಪುಂಜವನ್ನು ಬಳಸಿದರು. ೨೦೧೩ರ ಜನವರಿಯಲ್ಲಿ ಅವರ ಉತ್ತರಾಧಿಕಾರಿ ಸುಶೀಲಕುಮಾರ್ ಶಿಂದೆ ಜೈಪುರದಲ್ಲಿ ಇದೇ ಅರ್ಥದ ಮಾತಾಡಿ, ಸಂಸತ್ತಿನ ಬಜೆಟ್ ಅಧಿವೇಶನದ ಮುನ್ನ ವಿಷಾದ ವ್ಯಕ್ತಪಡಿಸಬೇಕಾಯಿತು. ಕೆಲವರ ಮೇಲಿನ ಆರೋಪಕ್ಕೆ ಕೋಟ್ಯಂತರ ಜನ ಪೂಜ್ಯವೆಂದು ಭಾವಿಸುವ ಬಣ್ಣವನ್ನು ಅಂಟಿಸಬಾರದೆಂದು ಆಗ ಭಾರತೀಯ ಜನತಾ ಪಕ್ಷದ ಸದಸ್ಯರು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯಯುತವಾಗಿತ್ತು. ಆದರೆ ಅದೇ ತರ್ಕ ಹಸಿರು ಬಣ್ಣಕ್ಕೂ ಅನ್ವಯಿಸುತ್ತದೆಂಬುದನ್ನು ಆಕ್ಷೇಪಿಸಿದವರಲ್ಲಿ ಎಷ್ಟು ಮಂದಿ ಒಪ್ಪಿಕೊಂಡರು? ತನ್ನ ಸಮುದಾಯದ ಹೆಸರು ಸಮಾಸದೊಳಗೆ ಸಿಕ್ಕಿಕೊಂಡಾಗ ಮಾತ್ರ ವ್ಯಾಕರಣ ನೆನಪಾಗುವುದಾದರೆ ಅದು ವ್ಯಾಕರಣವಲ್ಲ, ಪಕ್ಷಪಾತ.

೨೦೨೩ರ ಸೆಪ್ಟೆಂಬರ್ ೧೯ರಂದು ಲೋಕಸಭೆ ಹೊಸ ಭವನಕ್ಕೆ ಸ್ಥಳಾಂತರವಾಯಿತು. ಎರಡೇ ದಿನಗಳ ತರುವಾಯ, ೨೧ರ ರಾತ್ರಿ, ಚಂದ್ರಯಾನ-೩ರ ಸಾಫಲ್ಯವನ್ನು ಕುರಿತ ಚರ್ಚೆಯ ಮಧ್ಯೆ ದಕ್ಷಿಣ ದೆಹಲಿಯ ಸದಸ್ಯ ರಮೇಶ್ ಬಿಧೂಡಿಯವರು ಅಮರೋಹಾದ ಸದಸ್ಯ ದಾನಿಶ್ ಅಲಿಯವರನ್ನು ಅವರ ಧರ್ಮವನ್ನು ಹಿಡಿದು ನಿಂದಿಸಿದರು, ಭಯೋತ್ಪಾದಕನೆಂದೂ ಕರೆದರು. ದಾನಿಶ್ ಅಲಿ ಕನ್ನಡಿಗರಿಗೆ ಅಪರಿಚಿತರಲ್ಲ. ೨೦೧೮ರಲ್ಲಿ ಕರ್ನಾಟಕದಲ್ಲಿ ಸಮ್ಮಿಶ್ರ ಸರ್ಕಾರ ರಚನೆಯಾದಾಗ ಜಾತ್ಯತೀತ ಜನತಾದಳದ ರಾಷ್ಟ್ರೀಯ ಪದಾಧಿಕಾರಿಯಾಗಿ ಬೆಂಗಳೂರಿನಲ್ಲಿ ಮಾತುಕತೆ ನಡೆಸಿದವರು ಅವರು. ರಕ್ಷಣಾ ಸಚಿವ ರಾಜನಾಥ ಸಿಂಗ್ ಸದನದಲ್ಲಿಯೇ ವಿಷಾದ ಸೂಚಿಸಿದರು. ಸಭಾಧ್ಯಕ್ಷ ಓಂ ಬಿರ್ಲಾ ಎಚ್ಚರಿಕೆ ನೀಡಿದರು. ಮಾತುಗಳನ್ನು ಕಡತದಿಂದ ತೆಗೆದುಹಾಕಲಾಯಿತು. ಪ್ರಕರಣ ಹಕ್ಕುಬಾಧ್ಯತಾ ಸಮಿತಿಗೆ ಹೋಗಿ, ಬಿಧೂಡಿಯವರು ಅಲ್ಲಿ ವಿಷಾದ ವ್ಯಕ್ತಪಡಿಸಿದರು. ಕ್ರಮವಿಧಿಗಳ ದೃಷ್ಟಿಯಿಂದ ಇಷ್ಟೇ ಸಾಧ್ಯವಿತ್ತೇನೋ. ಆದರೆ ಕಡತದಿಂದ ತೆಗೆದ ಮಾತು ದೂರದರ್ಶನದ ನೇರ ಪ್ರಸಾರದಲ್ಲಿ ದೇಶವೆಲ್ಲ ಕೇಳಿದ ಮಾತು. ಚಂದ್ರನ ಮೇಲೆ ಇಳಿದ ಯಂತ್ರವನ್ನು ಕುರಿತ ಚರ್ಚೆಯಲ್ಲಿಯೂ ಒಬ್ಬ ಚುನಾಯಿತ ಪ್ರತಿನಿಧಿಯ ಧರ್ಮ ಮತ್ತು ದೇಶದ ಭದ್ರತೆ ಒಂದೇ ಉಸಿರಿನಲ್ಲಿ ಬರಬಹುದಾದರೆ, ಆ ಜೋಡಣೆ ವಾದವಾಗಿ ಉಳಿಯದೆ ಅಭ್ಯಾಸವಾಗಿದೆ ಎಂದೇ ತಿಳಿಯಬೇಕು. ಅಸಂಸದೀಯ ಪದಗಳ ಪಟ್ಟಿಯನ್ನು ಲೋಕಸಭಾ ಸಚಿವಾಲಯ ಪ್ರಕಟಿಸುತ್ತದೆ. ಆದರೆ ಪಟ್ಟಿಗೆ ಪದ ಸಿಕ್ಕೀತು, ಪದಗಳ ನಡುವಣ ಸಂಬಂಧ ಸಿಕ್ಕದು.

ಸದನದ ಹೊರಗೆ ಈ ಅಭ್ಯಾಸ ಇನ್ನೂ ನಿರ್ಭಿಡೆಯಿಂದ ವರ್ತಿಸುತ್ತದೆ. ಪಹಲ್‌ಗಾಮಿನಲ್ಲಿ ೨೬ ಮಂದಿಯ ಹತ್ಯೆಯಾದ ಬಳಿಕ ನಡೆದ ಸೇನಾ ಕಾರ್ಯಾಚರಣೆಯ ವಿವರವನ್ನು ೨೦೨೫ರ ಮೇ ೭ರಂದು ದೆಹಲಿಯಲ್ಲಿ ದೇಶದ ಮುಂದಿಟ್ಟ ಅಧಿಕಾರಿಗಳಲ್ಲಿ ಕರ್ನಲ್ ಸೋಫಿಯಾ ಕುರೇಶಿ ಒಬ್ಬರು. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಸೊಸೆಯೆಂದು ಕನ್ನಡ ನಾಡು ಆ ದಿನ ಹೆಮ್ಮೆಪಟ್ಟಿತು. ಕೆಲವೇ ದಿನಗಳಲ್ಲಿ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಸಾರ್ವಜನಿಕ ಭಾಷಣದಲ್ಲಿ ಅವರನ್ನು ಭಯೋತ್ಪಾದಕರ ಸೋದರಿಯೆಂಬ ಅರ್ಥ ಬರುವಂತೆ ಮಾತನಾಡಿದರು. ಆ ರಾಜ್ಯದ ಉಚ್ಚ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಮೊಕದ್ದಮೆ ದಾಖಲಿಸಲು ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯ ಅವರ ಕ್ಷಮಾಯಾಚನೆಯನ್ನು ಒಪ್ಪದೆ ವಿಶೇಷ ತನಿಖಾ ತಂಡವನ್ನು ನೇಮಿಸಿತು. ಸಚಿವರ ಉದ್ದೇಶ ಸೇನೆಯನ್ನು ಹೊಗಳುವುದಾಗಿತ್ತೆಂಬ ಸಮರ್ಥನೆಯೂ ಬಂತು. ಈ ಸಮರ್ಥನೆಯನ್ನು ಸುಳ್ಳೆನ್ನಬೇಕಾಗಿಲ್ಲ. ಅದು ನಿಜವಾದಷ್ಟೂ ಸಂಗತಿ ಹೆಚ್ಚು ಗಂಭೀರವಾಗುತ್ತದೆ. ದೇಶದ ಪರವಾಗಿ ಸಮವಸ್ತ್ರ ಧರಿಸಿ ನಿಂತವರನ್ನು ಹೊಗಳಹೊರಟ ನಾಲಗೆಗೂ ಶತ್ರುವಿನ ಬಾಂಧವ್ಯದ ಹೊರತು ಬೇರೆ ವಿಶೇಷಣ ದೊರೆಯಲಿಲ್ಲ.

೫

ಈ ವಿಚಾರಕ್ಕೆ ಒಂದು ಪ್ರಬಲ ಆಕ್ಷೇಪವಿದೆ. ಅದನ್ನು ಕಡೆಗಣಿಸುವುದು ಸರಿಯಲ್ಲ. ಜೈಷ್-ಎ-ಮೊಹಮ್ಮದ್, ಇಂಡಿಯನ್ ಮುಜಾಹಿದೀನ್ ಮುಂತಾದ ಸಂಘಟನೆಗಳು ಧರ್ಮದ ಹೆಸರನ್ನು ತಾವಾಗಿಯೇ ಇಟ್ಟುಕೊಂಡಿರುವಾಗ, ಧರ್ಮದ ಮಾತನ್ನೇ ಉಪಯೋಗಿಸಿ ಯುವಕರನ್ನು ಸೆಳೆಯುತ್ತಿರುವಾಗ, ಶಾಸಕನು ಆ ಹೆಸರನ್ನು ನುಂಗಿಕೊಳ್ಳಬೇಕೇ? ಹಾಗೆ ನುಂಗಿಕೊಳ್ಳುವುದು ವಂಚನೆಯಾಗುವುದಿಲ್ಲವೇ?

ಹೆಸರಿಸಬೇಕು, ಇನ್ನೂ ಖಚಿತವಾಗಿ ಹೆಸರಿಸಬೇಕು ಎಂಬುದೇ ಇದಕ್ಕೆ ಉತ್ತರ. ಸಂಘಟನೆಯನ್ನು, ಅದರ ನಾಯಕರನ್ನು, ಅದರ ಹಣದ ಮೂಲವನ್ನು, ಅದಕ್ಕೆ ನೆಲೆ ಕೊಟ್ಟ ನೆರೆಯ ದೇಶವನ್ನು, ಅದು ಶಾಸ್ತ್ರವಾಕ್ಯಗಳಿಗೆ ಹಚ್ಚುವ ವಿಕೃತ ಅರ್ಥವನ್ನು ಬಿಡಿಬಿಡಿಯಾಗಿ ಹೇಳುವುದು ಭದ್ರತೆಗೆ ಉಪಕಾರಿ. ಸಮುದಾಯವಾಚಕದಲ್ಲಿ ಇವೆಲ್ಲವನ್ನೂ ಕಲಸಿಬಿಟ್ಟರೆ ಅಪರಾಧಿಗೆ ಮರೆಯಾಗಲು ಜಾಗ ಸಿಗುತ್ತದೆ. ಅಷ್ಟೇ ಅಲ್ಲ, ತಾನು ಇಡೀ ಸಮುದಾಯದ ಪ್ರತಿನಿಧಿಯೆಂಬ ಅವನ ಸುಳ್ಳಿಗೆ ಶಾಸನಸಭೆಯೇ ಮುದ್ರೆಯೊತ್ತಿದಂತಾಗುತ್ತದೆ. ಸಮುದಾಯ ಆ ಪ್ರಾತಿನಿಧ್ಯವನ್ನು ನಿರಾಕರಿಸಿದ್ದಕ್ಕೆ ದಾಖಲೆಗಳಿವೆ. ೨೦೦೮ರ ಫೆಬ್ರವರಿಯಲ್ಲಿ ದೇವಬಂದಿನ ದಾರುಲ್ ಉಲೂಮ್ ಕರೆದ ಉಲೇಮಾಗಳ ಸಮ್ಮೇಳನ ಭಯೋತ್ಪಾದನೆಯನ್ನು ಇಸ್ಲಾಮಿಗೆ ವಿರುದ್ಧವೆಂದು ಖಂಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿ ಸತ್ತ ಒಂಬತ್ತು ಮಂದಿಯ ಶವಗಳಿಗೆ ಆ ನಗರದ ಮುಸ್ಲಿಂ ಸ್ಮಶಾನಗಳ ಆಡಳಿತದವರು ಮಣ್ಣು ಕೊಡಲು ಒಪ್ಪಲಿಲ್ಲ. ಶವಸಂಸ್ಕಾರವನ್ನು ಧರ್ಮಕರ್ತವ್ಯವೆಂದು ಬಗೆಯುವ ಸಮುದಾಯದಲ್ಲಿ ಇದಕ್ಕಿಂತ ತೀವ್ರವಾದ ಬಹಿಷ್ಕಾರವಿಲ್ಲ.

ಕರಾವಳಿಯ ಭಟ್ಕಳವನ್ನು ಇಲ್ಲಿ ಉದಾಹರಿಸಬಹುದು. ಮಲ್ಲಿಗೆಯ ಘಮ, ನವಾಯತರ ಭಾಷೆ ಮತ್ತು ವ್ಯಾಪಾರದ ಪರಂಪರೆ, ಜೈನ ಬಸದಿಗಳು ಇವೆಲ್ಲ ಸೇರಿ ಆದ ಪ್ರಾಚೀನ ಬಂದರು ಅದು. ಭಯೋತ್ಪಾದನೆಯ ಅಪರಾಧಕ್ಕಾಗಿ ಯಾಸೀನ್ ಭಟ್ಕಳ್ ೨೦೧೩ರಲ್ಲಿ ಬಂಧಿತನಾಗಿ ೨೦೧೬ರಲ್ಲಿ ಶಿಕ್ಷೆಗೆ ಒಳಗಾದನು. ಹೈದರಾಬಾದಿನ ದಿಲ್‌ಸುಖ್‌ನಗರದ ಸ್ಫೋಟದಲ್ಲಿ ಸತ್ತವರ ಪರವಾಗಿ ನ್ಯಾಯಾಲಯ ನೀಡಿದ ತೀರ್ಪು ಅದು. ಆದರೆ ಒಬ್ಬನ ಉಪನಾಮವಾದ ಊರಿನ ಹೆಸರು ಭಾಷಣಗಳಲ್ಲಿ ಊರಿನ ಆರೋಪವಾಗಿ ಮರಳಿ ಬಂತು. ಉತ್ತರಪ್ರದೇಶದ ಆಜಂಗಢಕ್ಕೂ ಇದೇ ಗತಿಯಾಯಿತು. ಅಂಕಿತನಾಮ ರೂಢನಾಮವಾಗುವ ಈ ಕ್ರಿಯೆಯಲ್ಲಿ ಅಪರಾಧ ಮಾಡದ ಸಾವಿರಾರು ಮಂದಿ ತಮ್ಮ ಹುಟ್ಟೂರನ್ನು ಹೇಳುವ ಮುನ್ನ ಎದುರಿಗಿದ್ದವರ ಮುಖ ನೋಡಬೇಕಾಗುತ್ತದೆ.

೬

ನಿಂದೆಯಷ್ಟೇ ಅಲ್ಲ, ಸದನದಲ್ಲಿ ಕೇಳಿಬರುವ ಪ್ರಶಂಸೆಯೂ ಪರಿಶೀಲನೆಗೆ ಅರ್ಹ. ಸದ್ಭಾವನೆಯುಳ್ಳ ಸದಸ್ಯರು ೧೯೪೮ರಲ್ಲಿ ಕಾಶ್ಮೀರದ ನೌಶೇರಾ ವಲಯದಲ್ಲಿ ಮಡಿದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್, ೧೯೬೫ರ ಯುದ್ಧದ ಪರಮವೀರ ಅಬ್ದುಲ್ ಹಮೀದ್, ರಾಷ್ಟ್ರಪತಿಗಳಾಗಿದ್ದ ಅಬ್ದುಲ್ ಕಲಾಂ ಇವರ ಹೆಸರುಗಳನ್ನು ಸ್ಮರಿಸುತ್ತಾರೆ. ಸ್ಮರಣೆ ಯೋಗ್ಯವಾದುದೇ. ಉಸ್ಮಾನರ ಸಮಾಧಿ ದೆಹಲಿಯ ಜಾಮಿಯಾ ಮಿಲಿಯಾದ ಸ್ಮಶಾನದಲ್ಲಿದೆ. ೨೦೦೮ರ ಬಾಟ್ಲಾ ಹೌಸ್ ಘಟನೆಯ ನಂತರ ಶಾಸಕರ ಭಾಷಣಗಳಲ್ಲಿ ಸಂಶಯದ ಕೇಂದ್ರವಾದ ಬಡಾವಣೆಯೂ ಅದರ ಸಮೀಪದ್ದೇ. ವೀರರ ಹೆಸರನ್ನು ಇಡೀ ಸಮುದಾಯದ ನಿಷ್ಠೆಗೆ ಪ್ರಮಾಣಪತ್ರವಾಗಿ ಒಡ್ಡುವುದರಲ್ಲಿ, ಪ್ರಮಾಣಪತ್ರ ಕೇಳುವುದು ನ್ಯಾಯವೆಂಬ ಒಪ್ಪಿಗೆ ಅಡಗಿದೆ. ೧೯೯೧ರಿಂದ ೧೯೯೫ರವರೆಗೆ ರೈಲ್ವೆ ಸಚಿವರಾಗಿದ್ದ ಸಿ.ಕೆ. ಜಾಫರ್ ಷರೀಫರನ್ನು ಕರ್ನಾಟಕ ನೆನೆಯುವುದು ಮೀಟರ್‌ಗೇಜ್ ಹಳಿಗಳನ್ನು ಬ್ರಾಡ್‌ಗೇಜಾಗಿಸಿದವರೆಂದು. ನಾಗರಿಕನನ್ನು ಅವನ ಕೆಲಸದಿಂದ ಗುರುತಿಸುವ ಇಂಥ ಸಹಜವಾದ ಮಾತೇ ನಿಜವಾದ ಗೌರವ.

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ನೇತೃತ್ವದ ಸಮಿತಿಯ ವರದಿ ೨೦೦೬ರ ನವೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದಾಗ ಅದರಲ್ಲಿ ಒಂದು ಮಾರ್ಮಿಕ ಅವಲೋಕನವಿತ್ತು. ದೇಶವಿರೋಧಿಗಳೆಂಬ ಹಣೆಪಟ್ಟಿಯನ್ನೂ ಓಲೈಕೆಗೆ ಒಳಗಾದವರೆಂಬ ಹಣೆಪಟ್ಟಿಯನ್ನೂ ಮುಸ್ಲಿಮರು ಏಕಕಾಲಕ್ಕೆ ಹೊರಬೇಕಾಗಿದೆ ಎಂಬುದೇ ಅದು. ಶಾಲೆ, ಬ್ಯಾಂಕಿನ ಸಾಲ, ಸರ್ಕಾರಿ ಉದ್ಯೋಗ ಇವುಗಳಲ್ಲಿ ಸಮುದಾಯ ಎಷ್ಟು ಹಿಂದುಳಿದಿದೆ ಎಂಬುದನ್ನು ಆ ವರದಿ ಅಂಕಿಅಂಶಗಳಿಂದ ತೋರಿಸಿತು. ಈ ಎರಡು ಹಣೆಪಟ್ಟಿಗಳೂ ಶಾಸಕರ ಭಾಷಣಗಳಲ್ಲಿ ಬೆಳೆದವು. ಶಾಲೆಯ ಬೇಡಿಕೆಗೆ ಓಲೈಕೆಯೆಂದೂ ಅನ್ಯಾಯದ ದೂರಿಗೆ ದೇಶದ್ರೋಹವೆಂದೂ ಸಿದ್ಧ ಉತ್ತರವಿರುವಾಗ ಆ ಸಮುದಾಯದ ಪ್ರತಿನಿಧಿಗೆ ಆಡಲು ಉಳಿಯುವ ಮಾತು ಯಾವುದು?

ಕನ್ನಡ ವಿಭಾಗಗಳಿಗೆ ಇಲ್ಲೊಂದು ಕರ್ತವ್ಯವಿದೆ. ಕರ್ನಾಟಕದ ವಿಧಾನಮಂಡಲದ ನಡವಳಿಗಳು ಸ್ವಾತಂತ್ರ್ಯೋತ್ತರ ಕನ್ನಡ ಗದ್ಯದ ಬೃಹತ್ ಭಂಡಾರ. ಶಾಸನಗಳ ಭಾಷೆಯನ್ನು, ವಡ್ಡಾರಾಧನೆಯ ಭಾಷೆಯನ್ನು ಅಕ್ಷರಕ್ಷರವಾಗಿ ಪರಿಶೀಲಿಸಿದ ಶಿಸ್ತು ಈ ಗದ್ಯದ ಮೇಲೆ ಇನ್ನೂ ಸಾಕಷ್ಟು ಹರಿದಿಲ್ಲ. ಯಾವ ದಶಕದಲ್ಲಿ ಯಾವ ವಿಶೇಷಣ ಯಾವ ನಾಮಪದಕ್ಕೆ ಅಂಟಿಕೊಂಡಿತು, ಏಕವಚನದ ಅಪರಾಧಿ ಎಂದಿನಿಂದ ಬಹುವಚನದ ಸಮುದಾಯವಾದನು, ‘ನುಸುಳುಕೋರ’, ‘ನಿರಾಶ್ರಿತ’, ‘ಮುಖ್ಯವಾಹಿನಿ’ ಎಂಬ ಪದಗಳು ಯಾರಿಗೆ ಅನ್ವಯವಾದವು, ಯಾರಿಗೆ ಆಗಲಿಲ್ಲ ಎಂಬುದನ್ನು ಪಕ್ಷಭೇದವಿಲ್ಲದೆ ದಾಖಲಿಸಬಲ್ಲವರು ಭಾಷಾವಿದ್ಯಾರ್ಥಿಗಳೇ. ದೋಷವನ್ನು ದೋಷವೆಂದು ಗುರುತಿಸುವುದು ವ್ಯಾಕರಣಶಾಸ್ತ್ರದ ಮೊದಲ ಕೆಲಸ. ಪ್ರಯೋಗಬಲದಿಂದ ಅದು ಸಾಧುವಾಗಿಬಿಡುವ ಮುನ್ನವೇ ಆ ಕೆಲಸ ನಡೆಯಬೇಕು. ೧೯೪೯ರಲ್ಲಿ ಬೇಗಂ ಐಜಾಜ್ ರಸೂಲರು ಲಿಖಿತ ರಕ್ಷಣೆಗಿಂತ ಸಹಸದಸ್ಯರ ಮಾತಿನ ಮೇಲೆ ಹೆಚ್ಚು ವಿಶ್ವಾಸವಿಟ್ಟರು. ಆ ವಿಶ್ವಾಸಕ್ಕೆ ಉತ್ತರ ಹೇಳುವ ಹೊಣೆ ಇಂದಿಗೂ ಸದನದ ಮೇಲಿದೆ.